ಏರ್‌ಸಾಫ್ಟ್ ಸಾಮಾನು ಮನೆಯಲ್ಲೇ ಮಾಡಿಕೊಳ್ಳೋಣ ಅಂತಿದ್ದೇನೆ, ಯಾವುದು ಸರಿ, ಯಾವುದು ಬೇಡ?

ತುಂಗಾ ದಂಡೆ (ಶಿವಮೊಗ್ಗ)

ಏರ್‌ಸಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. 6 ಮಿಲಿಮೀಟರ್ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್ ಹಿಡಿದು ತಂಡ ಕಟ್ಟಿ ಆಡುವ ಆಟ ಇದು. 1970ರ ದಶಕದಲ್ಲಿ ಜಪಾನಿನಲ್ಲಿ ಶುರುವಾಯಿತು. ಆ ಗುಂಡಿಗೆ ನಾವೆಲ್ಲ ಬಿಬಿ ಅನ್ನುತ್ತೇವೆ.

ಇದರ ಸಾಮಾನು ನಮ್ಮ ಊರಲ್ಲಿ ಸಿಗುವುದಿಲ್ಲ. ಹೊರಗಿಂದ ತರಿಸಿದರೆ ಬೆಲೆ ಜಾಸ್ತಿ. ಮಳೆಗಾಲದಲ್ಲಿ ಹೊರಗೆ ಆಡುವುದಂತೂ ಇಲ್ಲ. ಹಾಗಾಗಿ ಈ ಮೂರು ತಿಂಗಳು ಕೂತು ಮಾಡಿಕೊಳ್ಳೋಣ ಅಂತ ಪಟ್ಟಿ ಹಾಕಿದ್ದೇನೆ: ಗುರಿ ಅಭ್ಯಾಸದ ಪೆಟ್ಟಿಗೆ, ಗನ್ ಹೆಗಲಿಗೆ ನೇತುಹಾಕುವ ಸ್ಲಿಂಗ್ ಪಟ್ಟಿ, ಬಿಬಿ ವೇಗ ಅಳೆಯುವ ಕ್ರೋನೋ, ಅಡಗಿ ಕೂರಲು ಗೋಣಿ ನಾರಿನ ಗಿಲ್ಲಿ ಸೂಟ್, ಮುಖಕ್ಕೆ ಜಾಲರಿ ಮಾಸ್ಕ್. ಗನ್ನಿನ ಒಳಗೆ ಕೈ ಹಾಕಿ ಜೋರು ಮಾಡುವ ವಿಷಯ ಇಲ್ಲಿ ಬೇಡ. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಪೆಟ್ಟಿಗೆ ಈಗಾಗಲೇ ಆಗಿದೆ. ಹಳೇ ಪ್ಲೈವುಡ್ ಡಬ್ಬ, ಒಳಗೆ ಎರಡು ಪದರ ಗೋಣಿಚೀಲ ಇಳಿಬಿಟ್ಟಿದ್ದೇನೆ. ಎದುರಿಗೆ ಗುರಿಯಾಗಿ ಅಡಿಕೆ ಹಾಳೆ. ಹಾಳೆಗೆ ಬಿಬಿ ಬಡಿದಾಗ ಟಪ್ ಅಂತ ಸದ್ದು ಬರುತ್ತದೆ, ತಾಗಿದ್ದು ಗೊತ್ತಾಗುತ್ತದೆ.

ಭದ್ರಾವತಿ ಲೇತ್

ಹಾಳೆ ಗುರಿ ಚೆನ್ನಾಗಿದೆ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಹರಿದರೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಆದರೆ ಒಣಗಿ ಗಟ್ಟಿಯಾದ ಹಾಳೆಗೆ ನೇರ ಹೊಡೆದರೆ ಬಿಬಿ ವಾಪಸ್ ಚಿಮ್ಮುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿ, ಆಗ ಕೆಳಕ್ಕೆ ಬೀಳುತ್ತದೆ.

ಗೋಣಿ ಬದಲು ಹಳೇ ಕಂಬಳಿ ಹಾಕಿ. ಗೋಣಿಯ ನೇಯ್ಗೆ ಸಡಿಲ, ದಿನ ಕಳೆದ ಹಾಗೆ ಬಿಬಿ ನೂಲು ಸರಿಸಿಕೊಂಡು ಆಚೆ ಹೋಗುತ್ತದೆ. ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಸಡಿಲವಾಗಿ ನೇತಾಡಬೇಕು, ಹಿಂದಿನ ಹಲಗೆಗೂ ಅದಕ್ಕೂ ಒಂದು ಗೇಣು ಜಾಗ ಇರಬೇಕು. ಬಟ್ಟೆ ಅಲ್ಲಾಡಿದಾಗಲೇ ಬಿಬಿಯ ಓಟ ನಿಲ್ಲುವುದು.

ಬಿದ್ದ ಬಿಬಿಯನ್ನು ಮತ್ತೆ ಗನ್ನಿಗೆ ತುಂಬಬೇಡಿ. ಒಳಗಿನ ಬ್ಯಾರಲ್ 6.03ರಿಂದ 6.05 ಮಿಲಿಮೀಟರ್, ಬಿಬಿ 5.95. ನಡುವೆ ಕೂದಲೆಳೆಯಷ್ಟು ಜಾಗ. ಒಂದು ಮರಳಿನ ಕಣ ಅಂಟಿದ್ದರೂ ಬ್ಯಾರಲ್ ಗೀರಿ ಹೋಗುತ್ತದೆ.

ಮಾಸ್ಕಿಗೆ ಯಾವ ಜಾಲರಿ ಅಂದುಕೊಂಡಿದ್ದೀರಿ? ಉಕ್ಕಿನದಾದರೆ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡಬಹುದು.

ಕಣ್ಣಿನ ವಿಭಾಗದ ಸಿಸ್ಟರ್

ಮಾಸ್ಕ್ ವಿಷಯಕ್ಕೆ ನಾನು ಅಡ್ಡ ಬರುತ್ತೇನೆ, ಬೇಜಾರಾಗಬೇಡಿ. ಬಾಯಿ, ಹಲ್ಲು, ಕೆನ್ನೆಗೆ ಜಾಲರಿ ಮಾಡಿಕೊಳ್ಳಿ. ಕಣ್ಣಿನ ಮುಂದೆ ಮನೆಯಲ್ಲಿ ಮಾಡಿದ್ದು ಯಾವುದೂ ಬೇಡ.

ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಸೇರಿ ದೊಡ್ಡ ಚೆಂಡಿನಿಂದ ಕಣ್ಣನ್ನು ಒಂದಿಷ್ಟು ಕಾಯುತ್ತವೆ. 6 ಮಿಲಿಮೀಟರ್ ಬಿಬಿಗೆ ಆ ತಡೆ ಇಲ್ಲ, ನೇರ ಗುಡ್ಡೆಗೇ ಬಡಿಯುತ್ತದೆ. ಕಪ್ಪು ಗುಡ್ಡೆಯ ಮುಂದೆ ರಕ್ತ ತುಂಬಿಕೊಳ್ಳಬಹುದು, ಪೊರೆ ಬರಬಹುದು. ಪೆಟ್ಟು ವಾಸಿಯಾಯಿತು ಅಂದುಕೊಂಡು ವರ್ಷಗಳಾದ ಮೇಲೆ ಗ್ಲಾಕೋಮಾ ಬರುವುದೂ ಉಂಟು.

ಜಾಲರಿಯ ತೊಂದರೆ ಏನೆಂದರೆ ಬಿಬಿ ಅದಕ್ಕೆ ಬಡಿದು ಒಡೆಯುತ್ತದೆ. ಇಡೀ ಬಿಬಿ ಒಳಗೆ ಬರಲಿಕ್ಕಿಲ್ಲ, ಚೂರು ಬರುತ್ತದೆ. ಚೂರಿಗೆ ಚೂಪು ಅಂಚು ಇರುತ್ತದೆ.

ಡಿಪ್ಲೊಮಾ ಮೂರನೇ ವರ್ಷ

ಅಕ್ಕಾ, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಹವೆ ನೋಡಿ. ತೀರ್ಥಹಳ್ಳಿ ಕಡೆ ಜುಲೈಯಲ್ಲಿ ಗಾಗಲ್ ಹಾಕಿಕೊಂಡು ಸ್ವಲ್ಪ ಓಡಿದರೆ ಸಾಕು, ಒಳಗೆಲ್ಲ ಮಂಜು ಕಟ್ಟುತ್ತದೆ. ಕಾಣದೇ ಇದ್ದಾಗ ಹುಡುಗರು ಏನು ಮಾಡುತ್ತಾರೆ? ಗಾಗಲ್ ಎತ್ತಿ ಹಣೆಗೆ ಏರಿಸುತ್ತಾರೆ. ಅದಕ್ಕಿಂತ ಮಂಜು ಕಟ್ಟದ ಜಾಲರಿ ವಾಸಿ ಅಲ್ವಾ? ಬೇರೆ ದೇಶಗಳಲ್ಲಿ ಎಷ್ಟೋ ಜನ ಜಾಲರಿ ಗಾಗಲ್ಲಲ್ಲೇ ಆಡುತ್ತಾರೆ.

ಕಣ್ಣಿನ ವಿಭಾಗದ ಸಿಸ್ಟರ್

ಅವರು ಆಡುವುದು ಕಾರ್ಖಾನೆಯ ಉಕ್ಕಿನ ಜಾಲರಿಯಲ್ಲಿ. ನೀವು ಮಾಡಹೊರಟಿರುವುದು ಅದಲ್ಲ. ಕಿಟಕಿಯ ಸೊಳ್ಳೆ ಜಾಲರಿಯಲ್ಲಿ ಮಾಡಿಕೊಂಡವರ ಫೋಟೋ ನೋಡಿದ್ದೇನೆ, ಅದು ಬೆರಳಲ್ಲಿ ಒತ್ತಿದರೇ ಬಾಗುತ್ತದೆ.

ಲೆಕ್ಕ ಹೇಳುತ್ತೇನೆ. 0.20 ಗ್ರಾಂ ಬಿಬಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 1 ಜೌಲ್. ಜಪಾನಿನ ಕಾನೂನು ಹಾಕಿರುವ ಮಿತಿಯೂ ಅಲ್ಲೇ ಹತ್ತಿರ, ಸುಮಾರು 0.98 ಜೌಲ್. ಈಗ ಕಾರ್ಖಾನೆಗಳಿಗೆ ಕೊಡುವ ಸುರಕ್ಷತಾ ಗಾಗಲ್ ತಗೊಳ್ಳಿ. ಇಎನ್ 166 ಅನ್ನುವ ಯುರೋಪಿನ ಮಾನದಂಡದಲ್ಲಿ ಬಿ ಅಕ್ಷರ ಇದ್ದರೆ, 0.86 ಗ್ರಾಂ ಉಕ್ಕಿನ ಗುಂಡನ್ನು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಹೊಡೆದು ನೋಡಿದ್ದಾರೆ ಅಂತ ಅರ್ಥ. ಅದು 6 ಜೌಲ್‌ಗಿಂತ ಜಾಸ್ತಿ. ಎಫ್ ಅಕ್ಷರ ಇದ್ದರೆ ಅದೇ ಗುಂಡು 45 ಮೀಟರ್ ವೇಗದಲ್ಲಿ, ಅಂದರೆ ಸುಮಾರು 0.87 ಜೌಲ್. ಎಫ್ ಸಾಲದು, ಬಿ ಬೇಕು. ಅಕ್ಷರ ಗಾಜಿನ ಮೇಲೂ ಇರಬೇಕು, ಫ್ರೇಮಿನ ಮೇಲೂ ಇರಬೇಕು. ಮನೆಯ ಶೆಡ್ಡಿನಲ್ಲಿ ಈ ಪರೀಕ್ಷೆ ಮಾಡಲಿಕ್ಕೆ ನಮ್ಮ ಹತ್ತಿರ ಏನಿದೆ ಹೇಳಿ.

ಮಂಜಿನ ವಿಷಯ ನೀವು ಹೇಳಿದ್ದು ಸರಿ. ಗಾಗಲ್ ಎತ್ತುವುದೇ ದೊಡ್ಡ ಅಪಾಯ. ಅದಕ್ಕೆ ಪರಿಹಾರ ಮಾಡಿ, ನಿಮ್ಮ ಕೈಚಳಕ ಅಲ್ಲಿ ತೋರಿಸಿ.

ಭದ್ರಾವತಿ ಲೇತ್

ಸಿಸ್ಟರ್ ಮಾತಿಗೆ ನನ್ನ ಒಪ್ಪಿಗೆ ಇದೆ. ಅಚ್ಚು ಒತ್ತಿ ಕೊಡುತ್ತೇನೆ ಅಂದಿದ್ದು ಬಾಯಿ ಭಾಗಕ್ಕೆ ಮಾತ್ರ ಅಂತ ಇಟ್ಟುಕೊಳ್ಳಿ.

ಮಂಜಿಗೆ ಫ್ಯಾನ್ ಹಾಕಬಹುದು. 5 ವೋಲ್ಟಿನ ಸಣ್ಣ ಫ್ಯಾನ್, 25 ಅಥವಾ 30 ಮಿಲಿಮೀಟರಿನದು, ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುತ್ತದೆ. ಫೋನಿನ ಪವರ್ ಬ್ಯಾಂಕಿನಿಂದ ವೈರ್ ಎಳೆದು ಬೆನ್ನಿನ ಪೌಚಿಗೆ ಇಳಿಸಿ. ಗಾಗಲ್ಲಿನ ಮೇಲ್ಭಾಗದಲ್ಲಿ ಗಾಳಿಯ ಕಿಂಡಿ ಇರುತ್ತದಲ್ಲ, ಅದರ ಮೇಲೆ ಕೂರಿಸಿ. ಒಳಗಿನ ಬಿಸಿ ಗಾಳಿಯನ್ನು ಹೊರಗೆ ಎಳೆಯುವ ಹಾಗೆ ಇರಬೇಕು. ಫ್ಯಾನ್ ತಿರುಗುಮುರುಗಾದರೆ ಹೊರಗಿನ ಧೂಳು ಕಣ್ಣಿಗೆ ಬರುತ್ತದೆ. ಫ್ಯಾನ್ ಹಿಡಿಯುವ ಚೌಕಟ್ಟನ್ನು ತ್ರೀಡಿ ಪ್ರಿಂಟ್ ಮಾಡಿಸಿ, ಎಲಾಸ್ಟಿಕ್ ಪಟ್ಟಿಗೆ ಸಿಕ್ಕಿಸಿದರೆ ಆಯಿತು.

ಒಂದೇ ಮಾತು: ಗಾಗಲ್ಲಿಗೆ ಡ್ರಿಲ್ ಹಾಕಬೇಡಿ, ಸ್ಕ್ರೂ ಬಿಗಿಯಬೇಡಿ, ಸೂಪರ್ ಗ್ಲೂ ಹಚ್ಚಬೇಡಿ. ತೂತು ಬಿದ್ದ ಜಾಗದಿಂದ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಗ್ಲೂ ಆವಿಗೂ ಅದು ಹಾಳಾಗುತ್ತದೆ. ಪೇಂಟ್ ಒರೆಸುವ ಥಿನ್ನರ್ ಅಂತೂ ಹತ್ತಿರವೂ ತರಬೇಡಿ.

ತುಂಗಾ ದಂಡೆ

ಫ್ಯಾನ್ ನನ್ನ ಪಟ್ಟಿಗೆ ಸೇರಿತು, ಜಾಲರಿ ಬಾಯಿಗೆ ಮಾತ್ರ ಉಳಿಯಿತು. ಚೌಕಟ್ಟಿಗೆ ಪಿಎಲ್‌ಎ ಸಾಕಾ, ಬೇರೆ ಪ್ಲಾಸ್ಟಿಕ್ ಬೇಕಾ?

ಡಿಪ್ಲೊಮಾ ಮೂರನೇ ವರ್ಷ

ಪಿಇಟಿಜಿ ಹಾಕಿ ಅಣ್ಣ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಸೊಟ್ಟಗಾಗಿಬಿಡುತ್ತದೆ. ಪಿಇಟಿಜಿ 80ರವರೆಗೆ ತಡೆಯುತ್ತದೆ.

ಕ್ರೋನೋ ನಾನು ಮಾಡಿಕೊಡುತ್ತೇನೆ. ಒಂದು ಪಿವಿಸಿ ಪೈಪು, 10 ಸೆಂಟಿಮೀಟರ್ ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಎಲ್‌ಇಡಿ, ಎದುರಿಗೆ ಆ ಬೆಳಕನ್ನು ಗುರುತಿಸುವ ಎರಡು ಫೋಟೋ ಟ್ರಾನ್ಸಿಸ್ಟರ್. ಬಿಬಿ ಮೊದಲನೇ ಕಿರಣ ಕಡಿದಾಗ ಗಡಿಯಾರ ಶುರು, ಎರಡನೆಯದು ಕಡಿದಾಗ ನಿಲ್ಲು. ಸೆಕೆಂಡಿಗೆ 100 ಮೀಟರ್ ಅಂದರೆ 10 ಸೆಂಟಿಮೀಟರಿಗೆ 1 ಮಿಲಿಸೆಕೆಂಡ್. ಆರ್ಡುಯಿನೋ ಉನೋ ಅನ್ನುವ ಸಣ್ಣ ಕಂಟ್ರೋಲರ್ ಬೋರ್ಡ್ 4 ಮೈಕ್ರೋಸೆಕೆಂಡಿನ ಮೆಟ್ಟಿಲಲ್ಲಿ ಎಣಿಸುತ್ತದೆ, ತಪ್ಪು ಬಂದರೂ ನೂರಕ್ಕೆ ಅರ್ಧ ಪಾಲು. ಯಾರೂ ಎಲ್‌ಡಿಆರ್ ಅನ್ನುವ ನಿಧಾನದ ಬೆಳಕಿನ ಸೆನ್ಸರ್ ಹಾಕಲು ಹೋಗಬೇಡಿ. ಬಿಬಿ ಕಿರಣದ ಎದುರು ಇರುವುದೇ 60 ಮೈಕ್ರೋಸೆಕೆಂಡ್, ಎಲ್‌ಡಿಆರ್‌ಗೆ ಅದು ಗೊತ್ತೇ ಆಗುವುದಿಲ್ಲ.

ವೇಗ ಒಂದೇ ನೋಡಿದರೆ ಮೋಸ ಹೋಗುತ್ತೀರಿ. 0.25 ಗ್ರಾಂ ಬಿಬಿ ಸೆಕೆಂಡಿಗೆ 89 ಮೀಟರ್ ಹೋದರೂ ಅದೇ 1 ಜೌಲ್. ಅದಕ್ಕೇ ಪರದೆಯಲ್ಲಿ ಜೌಲ್ ತೋರಿಸುವ ಹಾಗೆ ಬರೆಯುತ್ತೇನೆ.

ಹೊಸನಗರ ತೋಟ

ಕ್ರೋನೋ, ಫ್ಯಾನ್ ಎಲ್ಲ ಸರಿ ಮಾರಾಯ್ರೆ. ನಾನು ಗಿಲ್ಲಿ ಸೂಟಿನ ಬಗ್ಗೆ ಹೇಳಬೇಕು. ಗೋಣಿ ನಾರು ಬಿಡಿಸಿ ಎಲೆ ಸಿಕ್ಕಿಸಿಕೊಂಡು ದರಗಿನ (ಉದುರಿದ ಒಣ ಎಲೆಯ) ಮೇಲೆ ಮಲಗುವ ಉಡುಪು ತಾನೇ? ನಮ್ಮ ಕಡೆ ಅದನ್ನು ಯಾರೂ ಮಾಡಬೇಡಿ.

ಮಂಗನ ಕಾಯಿಲೆ ಮೊದಲು ಕಂಡಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ದರಗಿನಲ್ಲಿ ಎಳೆ ಉಣುಗು ತುಂಬಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ನಿಮಗೆ ಮಳೆ ಬಿಟ್ಟು ಆಡಲಿಕ್ಕೆ ಹಿತವಾದ ಕಾಲವೂ ಅದೇ. ನಾರಿನ ಉಡುಪಿನಲ್ಲಿ ಸಿಕ್ಕಿಕೊಂಡ ಉಣುಗನ್ನು ಯಾರು ಹುಡುಕುತ್ತಾರೆ? ನಾವು ದರಗು ತರಲಿಕ್ಕೆ ಹೋಗುವಾಗಲೇ ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಮನೆಗೆ ಬಂದು ಬಿಸಿನೀರಿನ ಸ್ನಾನ, ಬಟ್ಟೆ ಕುದಿನೀರಿಗೆ. ಗಿಲ್ಲಿ ಸೂಟು ಕುದಿಸಿದರೆ ಏನು ಉಳಿಯುತ್ತದೆ?

ಇನ್ನೊಂದು. ಆಗುಂಬೆ, ಶೃಂಗೇರಿ ಸುತ್ತ ನಕ್ಸಲ್ ನಿಗ್ರಹ ಪಡೆಯವರು ವರ್ಷಗಟ್ಟಲೆ ಕಾಡು ಜಾಲಾಡಿದ್ದನ್ನು ನಾವು ಕಂಡವರು. ಕಾಡಿನ ಬಣ್ಣದ ಬಟ್ಟೆ, ಕೈಯಲ್ಲಿ ಕೋವಿ ಥರದ್ದು, ಹೀಗೆ ಯಾರಾದರೂ ತೋಟದ ಅಂಚಲ್ಲಿ ಕಂಡರೆ ಜನ ಆಟ ಅಂದುಕೊಳ್ಳುವುದಿಲ್ಲ. ಹಂದಿ, ಮಂಗ ಓಡಿಸಲಿಕ್ಕೆ ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳು ಇಲ್ಲಿ ಇವೆ. ಅಡಗಿ ಕೂತವನನ್ನು ಹಂದಿ ಅಂದುಕೊಂಡರೆ ಯಾರು ಜವಾಬ್ದಾರಿ?

ತುಂಗಾ ದಂಡೆ

ಕಾಡಿಗೆ ಹೋಗುವ ಯೋಚನೆ ನನಗೂ ಇರಲಿಲ್ಲ. ಯಾರದ್ದಾದರೂ ತೋಟದಲ್ಲಿ, ಅವರ ಒಪ್ಪಿಗೆ ಪಡೆದು ಆಡುವುದು ಅಂತ ಇತ್ತು. ಗಿಲ್ಲಿ ಸೂಟ್ ಬಿಡೋಣ, ಆದರೆ ತೋಟದಲ್ಲಿ ಆಡಬಾರದು ಅಂತೀರಾ?

ಹೊಸನಗರ ತೋಟ

ತೋಟಕ್ಕೂ ನನ್ನ ತಕರಾರು ಇದೆ. ನಿಮ್ಮ ಬಿಬಿ ಪ್ಲಾಸ್ಟಿಕ್. ಒಂದು ಸಲ ಆಡಿದರೆ ಸಾವಿರಗಟ್ಟಲೆ ಚೆಲ್ಲುತ್ತದೆ. ಅಡಿಕೆ ಬುಡಕ್ಕೆ ಸೊಪ್ಪು, ಗೊಬ್ಬರ ಹಾಕುವ ಮಣ್ಣಿನಲ್ಲಿ ಅದು ನನ್ನ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ. ದನ ಮೇಯುವ ಜಾಗ ಬೇರೆ.

ಡಿಪ್ಲೊಮಾ ಮೂರನೇ ವರ್ಷ

ಕರಗುವ ಬಿಬಿ ಬಂದಿವೆಯಲ್ಲ ಸರ್? ಅವು ಪಿಎಲ್‌ಎ, ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ್ದು.

ಭದ್ರಾವತಿ ಲೇತ್

ಪಿಎಲ್‌ಎ ಬೇಗ ಕೊಳೆಯಬೇಕಾದರೆ 60 ಡಿಗ್ರಿ ಹತ್ತಿರ ಬಿಸಿ ಬೇಕು, ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ಇರುವ ಹಾಗೆ. ತೋಟದ ತಣ್ಣಗಿನ ಮಣ್ಣಿನಲ್ಲಿ ವರ್ಷಗಳೇ ಬೇಕು. ನಮ್ಮ ಥಂಡಿಗೆ ಅವು ತೇವ ಹೀರಿ ಉಬ್ಬುತ್ತವೆ, ಬ್ಯಾರಲ್ಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ತರಿಸಿದರೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಅಡಿಕೆ ತೋಟದ ಒಡೆಯರ ಮಾತೇ ಸರಿ, ಚೆಲ್ಲಿದ್ದನ್ನು ಎತ್ತಬೇಕು. ಅದು ಸಾಧ್ಯವಾಗುವ ಜಾಗದಲ್ಲಿ ಮಾತ್ರ ಆಡಬೇಕು.

ಕಣ್ಣಿನ ವಿಭಾಗದ ಸಿಸ್ಟರ್

ಸಿಸ್ಟರ್ ಕಡೆಯಿಂದ ಇನ್ನೊಂದು. ಕರಗುವ ಬಿಬಿ ಹೆಚ್ಚು ಪೆಡಸು, ಬೇಗ ಒಡೆಯುತ್ತದೆ. ಕಣ್ಣಿಗೆ ಜಾಲರಿ ಬೇಡ ಅಂದಿದ್ದಕ್ಕೆ ಇದೂ ಕಾರಣ.

ತುಂಗಾ ದಂಡೆ

ಹಾಗಾದರೆ ಮುಚ್ಚಿದ ಜಾಗವೇ ಸರಿ. ನಮ್ಮ ಪರಿಚಯದವರ ಹಳೇ ಅಕ್ಕಿ ಗಿರಣಿ ಖಾಲಿ ಬಿದ್ದಿದೆ. ಸಿಮೆಂಟ್ ನೆಲ, ಗುಡಿಸಿದರೆ ಬಿಬಿ ಎಲ್ಲ ಸಿಗುತ್ತದೆ. ಅಡಗುವ ಗೋಡೆಗೆ ಅಡಿಕೆ ದಬ್ಬೆಯ ಚೌಕಟ್ಟು ಮಾಡಿ ಹಳೇ ಟಾರ್ಪಲ್ ಕಟ್ಟಬಹುದು. ದಬ್ಬೆಯ ಸಿಬಿರು ಕೈಗೆ ಚುಚ್ಚುತ್ತದೆ, ಅಂಚನ್ನು ಉಜ್ಜಿ ನಯ ಮಾಡಬೇಕು.

ಬ್ಯಾಟರಿ ವಿಷಯ ಯಾರೂ ಎತ್ತಲಿಲ್ಲ. ನನ್ನದು 7.4 ವೋಲ್ಟಿನ ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಕೆಟ್ಟರೆ ಬೆಂಕಿ ಹತ್ತಬಹುದಾದದ್ದು. ಗಿರಣಿಯಲ್ಲಿ ಎಲ್ಲರದ್ದೂ ಒಟ್ಟಿಗೆ ಚಾರ್ಜ್ ಮಾಡಲಿಕ್ಕೆ ಒಂದು ಮೂಲೆ ಬೇಕು.

ಭದ್ರಾವತಿ ಲೇತ್

ಮಣ್ಣಿನ ಮಡಕೆ, ತಳಕ್ಕೆ ಮರಳು, ಒಂದೊಂದಕ್ಕೆ ಒಂದೊಂದು ಬ್ಯಾಟರಿ. ಬಾಯಿ ಬಿಗಿಯಾಗಿ ಮುಚ್ಚಬೇಡಿ, ಹೊಗೆ ಹೋಗಲು ದಾರಿ ಇರಲಿ. ಹತ್ತಿರ ಟಾರ್ಪಲ್, ಗೋಣಿ ಇರಬಾರದು. ಚಾರ್ಜ್ ಆಗುವಾಗ ಒಬ್ಬರು ಅಲ್ಲೇ ಇರಬೇಕು. ಎಲ್ಲ ಸೆಲ್ಲನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬಿಟ್ಟು ಬೇರೆ ಹಾಕಬೇಡಿ. ತಿಂಗಳುಗಟ್ಟಲೆ ಇಡುವುದಾದರೆ ಒಂದು ಸೆಲ್ಲಿಗೆ 3.8 ವೋಲ್ಟ್ ಇರಲಿ, ಪೂರ್ತಿ 4.2 ತುಂಬಿಸಿ ಇಡಬೇಡಿ. ಕನೆಕ್ಟರ್ ಬದಲಿಸುವಾಗ ಎರಡು ವೈರನ್ನೂ ಒಟ್ಟಿಗೆ ಕತ್ತರಿಸಬಾರದು. ಕತ್ತರಿ ತಾಗಿ ಶಾರ್ಟ್ ಆಗುತ್ತದೆ. ಒಂದು ಕತ್ತರಿಸಿ, ಬೆಸುಗೆ ಹಾಕಿ, ಟೇಪ್ ಸುತ್ತಿ, ಆಮೇಲೆ ಇನ್ನೊಂದು.

ಹೊಸನಗರ ತೋಟ

ಗಿರಣಿ ಒಳ್ಳೆಯ ಯೋಚನೆ. ದಬ್ಬೆ ನಾನು ಕೊಡುತ್ತೇನೆ, ಬಿದ್ದ ಮರಗಳಿವೆ. ಮೊದಲು ಆ ಊರಿನ ಠಾಣೆಗೆ ಹೋಗಿ ಮಾತಾಡಿ ಬನ್ನಿ. ಆಯುಧ ಕಾಯ್ದೆ 1959ರದ್ದು, ಅದರ ನಿಯಮ 2016ರದ್ದು, ಎರಡನ್ನೂ ಓದಿಕೊಂಡು ಹೋಗಿ. ಹೊಸದಾಗಿ ಕೊಳ್ಳುವವರು ಕೊಳ್ಳುವ ಮೊದಲೇ ಅಲ್ಲಿ ಕೇಳಲಿ. ಬಸ್ಸಿನಲ್ಲಾಗಲಿ ಬೈಕಿನಲ್ಲಾಗಲಿ ಗನ್ ಚೀಲದೊಳಗೇ ಇರಬೇಕು.

ತುಂಗಾ ದಂಡೆ

ಹಾಗೇ ಮಾಡೋಣ. ಚೀಲ ಹೊಲಿಯುವ ಕೆಲಸ ನನ್ನದು. ಪ್ರತಿ ಗನ್ನಿನ ಮೂತಿಗೂ ಬಟ್ಟೆಯ ಗವಸು ಹೊಲಿಯುತ್ತೇನೆ, ಎರಡು ಪದರ ಕ್ಯಾನ್ವಾಸ್, ಹಿಂದಕ್ಕೆ ಎಲಾಸ್ಟಿಕ್ ದಾರ. ಆಟದ ಜಾಗದಿಂದ ಆಚೆ ಬಂದ ಕೂಡಲೇ ಮ್ಯಾಗಜೀನ್ (ಬಿಬಿ ತುಂಬುವ ಡಬ್ಬ) ತೆಗೆದು, ಒಳಗೆ ಉಳಿದದ್ದು ಹೋಗಲು ಗುರಿ ಪೆಟ್ಟಿಗೆಗೆ ಒಂದು ಹಾರಿಸಿ, ಗವಸು ಹಾಕಬೇಕು. ತಮ್ಮಾ, ಕ್ರೋನೋ ಯಾವಾಗ ಸಿಗುತ್ತದೆ?

ಡಿಪ್ಲೊಮಾ ಮೂರನೇ ವರ್ಷ

ಸೆನ್ಸರ್ ಬಂದ ವಾರದಲ್ಲೇ ಅಣ್ಣ. ಬಿಸಿಲು ಬಿದ್ದರೆ ಫೋಟೋ ಟ್ರಾನ್ಸಿಸ್ಟರ್ ಕೆಲಸ ಮಾಡುವುದಿಲ್ಲ, ಪೈಪಿನ ಒಳಗೆ ಕಪ್ಪು ಬಣ್ಣ ಹಚ್ಚಬೇಕು. ಗಿರಣಿಯೊಳಗೆ ಕಿಟಕಿಯಿಂದ ದೂರ ಒಂದು ಮೇಜು ನೋಡಿಡಿ. 1 ಜೌಲ್ ದಾಟಿದ ಗನ್ ಅವತ್ತು ಆಟಕ್ಕೆ ಇಲ್ಲ ಅಂತ ಬಾಗಿಲಲ್ಲೇ ಬರೆದು ಹಾಕೋಣ.