ರಾಕ್ ಆಲ್ಬಂಗಳೂ ಹಾಸ್ಯದ ಪಾಡ್‌ಕಾಸ್ಟ್‌ಗಳೂ: ಒಂದು ಚರ್ಚೆ

ಸರಸ್ವತಿಪುರಂ ಶ್ರೋತೃ:
ರಾಕ್ ಆಲ್ಬಂಗಳನ್ನು ಕುರಿತ ಹಾಸ್ಯದ ಪಾಡ್‌ಕಾಸ್ಟ್‌ಗಳು ಸಂಗೀತವನ್ನು ಹಗುರ ಮಾಡುತ್ತವೆ ಎಂಬ ಮಾತು ಮೈಸೂರಿನ ನಮ್ಮ ಕೇಳುಗರ ಬಳಗದಲ್ಲಿ ಪದೇ ಪದೇ ಬರುತ್ತಿರುವುದರಿಂದ ನನ್ನ ಅಭಿಪ್ರಾಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಆಲ್ಬಂ ಒಂದನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ರೂಢಿಯನ್ನು ಇಂದು ಉಳಿಸುತ್ತಿರುವವರು ವಿಮರ್ಶಕರಿಗಿಂತ ಹೆಚ್ಚಾಗಿ ಈ ಹಾಸ್ಯಗಾರರೇ ಎಂದು ನಾನು ನಂಬಿದ್ದೇನೆ. ಅಮೆರಿಕದ ಹಾಸ್ಯಗಾರ ಸ್ಕಾಟ್ ಆಕರ್ಮನ್ ಮತ್ತು ನಟ ಆಡಂ ಸ್ಕಾಟ್ 2014ರಲ್ಲಿ ಐರ್ಲೆಂಡಿನ ರಾಕ್ ತಂಡ ಯೂಟೂ ಬಗ್ಗೆ ಆರಂಭಿಸಿದ ‘ಯು ಟಾಕಿನ್ ಯೂಟೂ ಟು ಮಿ?’ ಎಂಬ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಅವರು ಆಲ್ಬಂಗಳನ್ನು ಒಂದೊಂದಾಗಿ ಎತ್ತಿಕೊಂಡು, ಎಲ್ಲರ ಬಾಯಲ್ಲಿರುವ ಹಾಡಿನ ಜೊತೆಗೆ ಯಾರೂ ನೆನಪಿಟ್ಟುಕೊಳ್ಳದ ಹಾಡುಗಳ ಬಗ್ಗೆಯೂ ಮಾತನಾಡುತ್ತಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂಟೂ ತನ್ನ ‘ಸಾಂಗ್ಸ್ ಆಫ್ ಇನ್ನೋಸೆನ್ಸ್’ ಆಲ್ಬಂ ಅನ್ನು ಆಪಲ್ ಮೂಲಕ ಸುಮಾರು 50 ಕೋಟಿ ಐಟ್ಯೂನ್ಸ್ ಗ್ರಾಹಕರ ಖಾತೆಗಳಿಗೆ ಉಚಿತವಾಗಿ ಸೇರಿಸಿತು. ಕೇಳದೇ ಬಂದ ಈ ಉಡುಗೊರೆಗೆ ಜನ ಎಷ್ಟು ಸಿಡಿಮಿಡಿಗೊಂಡರೆಂದರೆ, ಅದನ್ನು ಅಳಿಸಿಹಾಕಲೆಂದೇ ಆಪಲ್ ಪ್ರತ್ಯೇಕ ವ್ಯವಸ್ಥೆ ಮಾಡಬೇಕಾಯಿತು. ಪುಕ್ಕಟೆಯಾಗಿ ಮನೆಬಾಗಿಲಿಗೆ ಬಂದದ್ದನ್ನು ಬೇಡವೆಂದವರಿದ್ದರು, ಆದರೆ ಇಬ್ಬರು ಗೆಳೆಯರ ಹರಟೆಯನ್ನು ಕೇಳಿ ಅದೇ ತಂಡದ ಹಳೆಯ ಆಲ್ಬಂಗಳನ್ನು ಹುಡುಕಿಕೊಂಡು ಹೋದ ನನ್ನಂಥವರೂ ಇದ್ದೇವೆ.

ಒಂಟಿಕೊಪ್ಪಲು ಮೃದಂಗ:
ಸರ್, ತಾವು ಹೇಳುವ ಕಾರ್ಯಕ್ರಮವನ್ನು ನಾನೂ ಕೇಳಿದ್ದೇನೆ. ಅದರಲ್ಲಿ ಸಂಗೀತದ ಮಾತು ಬರುವ ಹೊತ್ತಿಗೆ ಕೇಳುಗನ ತಾಳ್ಮೆ ಮುಗಿದಿರುತ್ತದೆ. ನಡುವೆ ಇದ್ದಕ್ಕಿದ್ದಂತೆ ಸಿನಿಮಾಗಳ ಬಗ್ಗೆ ಇನ್ನೊಂದು ಪಾಡ್‌ಕಾಸ್ಟ್ ಶುರುವಾಗಿದೆಯೆಂಬ ನಾಟಕವಾಡಿ ಅಲ್ಲಿಯೇ ಕಾಲ ಕಳೆಯುತ್ತಾರೆ. ನಗು ಬರುವುದು ನಿಜ, ಆದರೆ ಹಾಡಿನ ಒಳಗೆ ಏನು ನಡೆಯುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್ 1973ರಲ್ಲಿ ಹೊರತಂದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂನ ‘ಮನಿ’ ಹಾಡು ನಾಣ್ಯಗಳ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಯಂತ್ರದ ಸದ್ದು ಇವುಗಳಿಂದ ಆರಂಭವಾಗುತ್ತದೆ. ಆ ಸದ್ದುಗಳನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ, ಟೇಪನ್ನು ಅಳತೆಪಟ್ಟಿಯಿಂದ ಅಳೆದು ಸಮನಾದ ತುಂಡುಗಳಾಗಿ ಕತ್ತರಿಸಿ, ಅಂಟಿಸಿ, ಸುತ್ತುವಂತೆ ಮಾಡಿದ್ದರು. ಹಾಡಿನ ಏಳೇಳು ಎಣಿಕೆಯ ಲೆಕ್ಕ ಅಲ್ಲಿಂದಲೇ ಹಿಡಿತಕ್ಕೆ ಬರುತ್ತದೆ. ಏಳೆಣಿಕೆಯ ಮಿಶ್ರಚಾಪು ತಾಳ ಹಾಕಿ ಅಭ್ಯಾಸವಿರುವ ಕೈಗೆ ಇದು ತಟ್ಟನೆ ದಕ್ಕುತ್ತದೆ. ಡಿಕ್ ಪ್ಯಾರಿಯವರ ಸ್ಯಾಕ್ಸೊಫೋನ್ ಆ ಏಳರಲ್ಲೇ ಸಾಗುತ್ತದೆ, ಡೇವಿಡ್ ಗಿಲ್ಮೋರ್ ಅವರ ಗಿಟಾರ್ ಬರುವಾಗ ನಡೆ ನಾಲ್ಕಕ್ಕೆ ತಿರುಗುತ್ತದೆ, ಗಿಟಾರ್ ಮುಗಿದ ಮೇಲೆ ಹಾಡು ಮತ್ತೆ ಏಳಕ್ಕೆ ಮರಳುತ್ತದೆ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನಕ್ಕೆ ತೊಡೆ ತಟ್ಟಿ ತಾಳ ಹಾಕುವ ಎಷ್ಟೋ ಹಿರಿಯರು ಈ ಹಾಡನ್ನು ಒಮ್ಮೆ ಕೇಳಿದರೆ ಆ ತಿರುವನ್ನು ಗುರುತಿಸದೇ ಇರಲಾರರು. ಇದನ್ನು ಹೇಳಲು ಹಾಸ್ಯದ ಅಗತ್ಯ ಎಲ್ಲಿದೆ?

ಮಂಡ್ಯದ ಓದುಗಿ:
ಮೇಡಂ, ತಾವು ಈಗ ಬರೆದ ವಿವರ ನನಗೆ ಬಹಳ ಇಷ್ಟವಾಯಿತು, ಈಗಲೇ ಆ ಹಾಡನ್ನು ಹಾಕಿಕೊಂಡು ಎಣಿಸಿ ನೋಡಿದೆ. ಆದರೂ ಅಗತ್ಯದ ಪ್ರಶ್ನೆಗೆ ನನ್ನ ಉತ್ತರ ಬೇರೆ. ತಾಳ ಗೊತ್ತಿರುವವರಿಗೆ ಆಲ್ಬಂನ ಬಾಗಿಲು ತಾನಾಗಿಯೇ ತೆರೆಯುತ್ತದೆ. ಮದ್ದೂರಿನಿಂದಲೋ ಪಾಂಡವಪುರದಿಂದಲೋ ದಿನವೂ ರೈಲಿನಲ್ಲಿ ಓಡಾಡುತ್ತಾ, ಇಂಗ್ಲಿಷ್ ಹಾಡಿನ ಸಾಹಿತ್ಯವೇ ಕಿವಿಗೆ ಹತ್ತದ ಹುಡುಗಿಗೆ ಮಾತಿನ ಸಲಿಗೆ ಬೇಕು. ಆರ್‌ಇಎಂ ಎಂಬ ಅಮೆರಿಕದ ರಾಕ್ ತಂಡದ 1983ರ ‘ಮರ್ಮರ್’ ಆಲ್ಬಂನಲ್ಲಿ ಗಾಯಕ ಮೈಕೆಲ್ ಸ್ಟೈಪ್ ಅವರ ಉಚ್ಚಾರ ಇಂಗ್ಲಿಷ್ ಮನೆಮಾತಿನವರಿಗೇ ಸ್ಪಷ್ಟವಾಗುವುದಿಲ್ಲ. ಆ ಅಸ್ಪಷ್ಟತೆಯನ್ನು ಇಬ್ಬರು ಒಟ್ಟಿಗೆ ಕುಳಿತು ನಗುತ್ತಾ ಒಪ್ಪಿಕೊಂಡಾಗ, ಅರ್ಥವಾಗದಿದ್ದರೂ ಕೇಳಬಹುದು ಎಂಬ ಧೈರ್ಯ ಬರುತ್ತದೆ.

ಮೇಲಾಗಿ, ಬರೀ ಧ್ವನಿಯನ್ನು ನಂಬಿದ ಮಾತುಗಾರಿಕೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಹರಟೆ ನಮ್ಮ ವೇದಿಕೆಗಳಲ್ಲಿ ಒಂದು ಕಲೆಯಾಗಿಯೇ ಬೆಳೆದಿದೆ. ಅದನ್ನು ಆಲ್ಬಂಗಳ ಕಡೆಗೆ ತಿರುಗಿಸಿದರೆ ಸಂಗೀತಕ್ಕೆ ಹೇಗೆ ಕುಂದು ಬರುತ್ತದೆ?

ಚಾಮುಂಡಿಪುರಂ:
ಆಲ್ಬಂ ಎಂಬ ರೂಪವೇ ಮುಗಿದ ಅಧ್ಯಾಯವಲ್ಲವೇ? ಈಗ ಎಲ್ಲರೂ ಒಂದೊಂದೇ ಹಾಡನ್ನು ಕೇಳುತ್ತಾರೆ.

ಸರಸ್ವತಿಪುರಂ ಶ್ರೋತೃ:
ಹಾಗೆ ಕೇಳುವವರು ಹೆಚ್ಚಿರಬಹುದು, ಆದರೆ ಅದರಿಂದ ಕೈತಪ್ಪುವುದೇನು ಎಂಬುದನ್ನು ಗಮನಿಸಿ. ಒಂಟಿಕೊಪ್ಪಲಿನ ಮೇಡಂ ಹೇಳಿದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಎದೆಬಡಿತದಿಂದ ಆರಂಭವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಎಲ್‌ಪಿ ತಟ್ಟೆಯ ಒಂದು ಬದಿ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಹಾಡಿನ ಆಲಾಪದಲ್ಲಿ ಕೊನೆಗೊಂಡು, ಕೇಳುಗ ಎದ್ದು ತಟ್ಟೆಯನ್ನು ಮಗುಚಿ ಹಾಕಿದ ಮೇಲೆ ‘ಮನಿ’ಯ ನಾಣ್ಯಗಳ ಸದ್ದು ಬರುತ್ತಿತ್ತು. ಸಾವಿನ ಹಾಡಿಗೂ ದುಡ್ಡಿನ ಹಾಡಿಗೂ ನಡುವೆ ಇದ್ದ ಆ ಬಿಡುವು, ಫೋನಿನಲ್ಲಿ ಒಂದರ ಬೆನ್ನಿಗೇ ಇನ್ನೊಂದು ಬಂದಾಗ ಉಳಿಯುವುದಿಲ್ಲ. ಹಾಡುಗಳ ಅನುಕ್ರಮವನ್ನೇ ಕಲಸಿ ಕೇಳುವವರಿಗಂತೂ ಇಂಥದ್ದೊಂದು ಇತ್ತು ಎಂಬ ಸುಳಿವೂ ಸಿಗುವುದಿಲ್ಲ.

ಒಂಟಿಕೊಪ್ಪಲು ಮೃದಂಗ:
ಇದು ಒಪ್ಪತಕ್ಕ ಮಾತು. ಹಾಗಿದ್ದರೆ ಕನ್ನಡದಲ್ಲಿ ಅಂಥ ಕಾರ್ಯಕ್ರಮವನ್ನು ಯಾವ ಆಲ್ಬಂನಿಂದ ಶುರು ಮಾಡಬಹುದು ಎಂದು ತಾವೇ ಹೇಳಿ. ರಘು ದೀಕ್ಷಿತ್ ನಮ್ಮ ಮೈಸೂರಿನವರು, ಅವರ ತಂಡದ ಮೊದಲ ಆಲ್ಬಂ 2008ರಲ್ಲಿ ಬಂತು. ಅದರಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳು ಹಿಂದಿ ಹಾಡುಗಳ ಪಕ್ಕದಲ್ಲಿ ಏಕೆ ಕುಳಿತಿವೆ, ಅವು ಒಂದು ಆಲ್ಬಂ ಆಗಿ ಕೂಡಿ ಬಂದಿವೆಯೇ ಎಂಬ ಪ್ರಶ್ನೆ ನನಗಂತೂ ಇನ್ನೂ ಬಗೆಹರಿದಿಲ್ಲ. ಅದನ್ನು ನಗೆಯ ನಡುವೆ ತೇಲಿಸಿಬಿಟ್ಟರೆ ನಾನು ಒಪ್ಪುವುದಿಲ್ಲ.

ಮಂಡ್ಯದ ಓದುಗಿ:
ತೇಲಿಸಲು ಆಗುವುದೂ ಇಲ್ಲ, ಮೇಡಂ. ಹಕ್ಕುದಾರರ ಅನುಮತಿ ಇಲ್ಲದೆ ಪಾಡ್‌ಕಾಸ್ಟ್‌ನಲ್ಲಿ ಪೂರ್ತಿ ಹಾಡನ್ನು ಹಾಕುವಂತಿಲ್ಲವಾದ್ದರಿಂದ, ಗಿಟಾರ್ ಎಲ್ಲಿ ತಿರುಗಿತು, ತತ್ತ್ವಪದದ ಯಾವ ಸಾಲಿಗೆ ಡ್ರಮ್ಸ್ ಸುಮ್ಮನಾಯಿತು ಎಂಬುದನ್ನು ಬಾಯಿಮಾತಿನಲ್ಲೇ ಕಟ್ಟಿಕೊಡಬೇಕು. ಅದಕ್ಕೆ ನಗಿಸಬಲ್ಲ ಒಬ್ಬರೂ ತಾಳ ತಿಳಿದ ಇನ್ನೊಬ್ಬರೂ ಬೇಕು. ತಾಳದ ಭಾಗವನ್ನು ತಾವು ವಹಿಸಿಕೊಳ್ಳುವುದಾದರೆ, ಉಳಿದ ಮಾತಿನ ಹೊಣೆಯನ್ನು ನಾನು ಹೊರಲು ಸಿದ್ಧಳಿದ್ದೇನೆ.