ಕೊಲೊನೋಸ್ಕೋಪಿ ರಿಪೋರ್ಟ್‌ನಲ್ಲಿ ಇಲಿಯಂ ಹುಣ್ಣು: ಟಿಬಿಯೋ, ಕ್ರೋನ್ಸೋ?

ಪ್ರಶ್ನೆ (ಸೋಮವಾರಪೇಟೆ)
ಅಪ್ಪನಿಗೆ 61 ವರ್ಷ. ಬಲಗಡೆ ಕೆಳಹೊಟ್ಟೆ ನೋವು, ಸಂಜೆಯಾದರೆ ಸಣ್ಣ ಜ್ವರ, ತೂಕವೂ ಇಳಿಯುತ್ತಿದೆ. ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಹಾಕಿ ಕರುಳು ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಟರ್ಮಿನಲ್ ಇಲಿಯಂ ಮತ್ತು ಸೀಕಂನಲ್ಲಿ ಅಡ್ಡ ಹುಣ್ಣುಗಳು, ಐಸಿ ವಾಲ್ವ್ ಆಕಾರ ಕೆಟ್ಟಿದೆ, ಸಿಗ್ಮಾಯ್ಡ್‌ನಲ್ಲಿ ಡೈವರ್ಟಿಕ್ಯುಲೋಸಿಸ್, 6 ಮಿ.ಮೀ. ಸೆಸೈಲ್ ಪಾಲಿಪ್ ತೆಗೆದಿದೆ ಎಂದಿದೆ. ಬಯಾಪ್ಸಿ (ಕರುಳಿನಿಂದ ತೆಗೆದ ಚೂರಿನ ಪರೀಕ್ಷೆ) ರಿಪೋರ್ಟ್ ಇನ್ನೂ ಬಂದಿಲ್ಲ. ಅಪ್ಪನಿಗೆ ಕೆಮ್ಮೇ ಇಲ್ಲ, ಹೊಟ್ಟೆಗೂ ಟಿಬಿ ಬರುತ್ತದಾ? ಪಾಲಿಪ್ ಅಂದರೆ ಕ್ಯಾನ್ಸರಾ?

ಉತ್ತರ 1 (ಮಡಿಕೇರಿ)
ಪಾಲಿಪ್ ಎಂದರೆ ಕರುಳಿನ ಒಳಪದರದ ಮೇಲೆ ಎದ್ದ ಗಂಟು. ತೊಟ್ಟಿಲ್ಲದೆ ಅಗಲವಾಗಿ ಅಂಟಿಕೊಂಡಿದ್ದರೆ ಸೆಸೈಲ್. ಇಷ್ಟು ಚಿಕ್ಕದರಲ್ಲಿ ಕ್ಯಾನ್ಸರ್ ಇರುವುದು ಬಹಳ ಅಪರೂಪ. ಬಯಾಪ್ಸಿಯಲ್ಲಿ ಅಡಿನೋಮ (ವರ್ಷಗಳು ಕಳೆದರೆ ಕ್ಯಾನ್ಸರ್ ಆಗಬಹುದಾದ ಪಾಲಿಪ್) ಎಂದು ಬಂದರೆ ಮುಂದಿನ ಕೊಲೊನೋಸ್ಕೋಪಿ ಯಾವಾಗ ಎಂದು ಕೇಳಿ ಬರೆಸಿಕೊಳ್ಳಿ. ಡೈವರ್ಟಿಕ್ಯುಲೋಸಿಸ್ ಎಂದರೆ ದೊಡ್ಡ ಕರುಳಿನ ಗೋಡೆಯಲ್ಲಿ ಹೊರಕ್ಕೆ ಉಬ್ಬಿದ ಸಣ್ಣ ಚೀಲಗಳು. ವಯಸ್ಸಾದವರಲ್ಲಿ ಸಾಮಾನ್ಯ. ಅವು ಉರಿಯೂತಗೊಂಡರೆ ಮಾತ್ರ ಡೈವರ್ಟಿಕ್ಯುಲೈಟಿಸ್. ನಿಮ್ಮ ರಿಪೋರ್ಟ್‌ನಲ್ಲಿ ಅದಿಲ್ಲ.

ಗಮನವೆಲ್ಲ ಹುಣ್ಣಿನ ಮೇಲಿರಲಿ. ಇಲಿಯಂ ಸಣ್ಣ ಕರುಳಿನ ಕೊನೆಯ ಭಾಗ, ಸೀಕಂ ದೊಡ್ಡ ಕರುಳಿನ ಮೊದಲ ಚೀಲ, ಇವೆರಡರ ನಡುವಿನ ಬಾಗಿಲು ಐಸಿ ವಾಲ್ವ್. ಕರುಳಿನ ಟಿಬಿ ಹೆಚ್ಚಾಗಿ ಹಿಡಿಯುವುದೇ ಈ ಜಾಗವನ್ನು, ಕೆಮ್ಮು ಇರಲೇಬೇಕೆಂದಿಲ್ಲ. ತೊಂದರೆಯೆಂದರೆ ಕ್ರೋನ್ಸ್ (ಕರುಳಿನಲ್ಲಿ ದೀರ್ಘಕಾಲ ಉರಿಯೂತವಾಗುವ ಕಾಯಿಲೆ) ಕೂಡ ಇಲ್ಲೇ ಬರುತ್ತದೆ. ಅಡ್ಡ ಹುಣ್ಣು ಟಿಬಿ ಕಡೆಗೆ, ಉದ್ದುದ್ದ ಹುಣ್ಣು ಕ್ರೋನ್ಸ್ ಕಡೆಗೆ ವಾಲುತ್ತದೆ, ಆದರೆ ಕಣ್ಣಳತೆಯಲ್ಲಿ ತೀರ್ಮಾನ ಮಾಡುವಂತಿಲ್ಲ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಅವುಗಳಿಂದಲೂ ಇಲಿಯಂನಲ್ಲಿ ಹುಣ್ಣಾಗುತ್ತದೆ.

ಇವತ್ತೇ ಒಂದು ವಿಷಯ ವಿಚಾರಿಸಿ: ಬಯಾಪ್ಸಿ ಚೂರುಗಳನ್ನು ಸಲೈನ್ ಬಾಟಲಿಯಲ್ಲೂ ಬೇರೆಯಾಗಿ ಇಟ್ಟಿದ್ದಾರಾ? ಫಾರ್ಮಲಿನ್‌ಗೆ ಹಾಕಿದ ಚೂರಿನಲ್ಲಿ ಬ್ಯಾಕ್ಟೀರಿಯಾ ಸಾಯುವುದರಿಂದ ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಆಗುವುದಿಲ್ಲ. ಕಲ್ಚರ್ ನೆಗೆಟಿವ್ ಎನ್ನಲು ಸುಮಾರು 6 ವಾರ ಬೇಕು. ಜೀನ್ ಎಕ್ಸ್‌ಪರ್ಟ್ (ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಬೇಗ ಬರುತ್ತದೆ, ಆದರೆ ಕರುಳಿನ ಚೂರಿನಲ್ಲಿ ಅದು ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಎನ್ನಲಾಗದು.

ಉತ್ತರ 2 (ಕುಶಾಲನಗರ)
ಮೇಲಿನದಕ್ಕೆ ಸೇರಿಸುತ್ತೇನೆ. ಟಿಬಿ ಅಲ್ಲ ಎಂದು ಆದಷ್ಟು ಖಚಿತವಾಗುವ ಮುಂಚೆ ಕ್ರೋನ್ಸ್ ಎಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಶುರು ಮಾಡಿದರೆ ಟಿಬಿ ಮೈಯೆಲ್ಲ ಹರಡಬಹುದು. ಈ ಭಯ ನಿಜವಾದದ್ದು, ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ.

ಟಿಬಿ ಆದರೆ ಸಾಮಾನ್ಯವಾಗಿ 6 ತಿಂಗಳ ಕೋರ್ಸ್: ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು. ತೂಕ ನೋಡಿ ಮಾತ್ರೆ ಎಷ್ಟೆಂದು ನಿರ್ಧರಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಈ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ಮದ್ದುಸೊಪ್ಪು ತಿಂದ ಹಾಗೆ ಮೂತ್ರಕ್ಕೆ ಕೆಂಪು ಬಣ್ಣ ಬರುತ್ತದೆ, ಅದಕ್ಕೆ ಗಾಬರಿಯಾಗಿ ನಿಲ್ಲಿಸಬೇಡಿ. ಕಣ್ಣು ಹಳದಿಯಾಗಿ ಊಟ ಸೇರದೆ ವಾಂತಿಯಾದರೆ ಲಿವರ್‌ಗೆ ಏಟು ಬಿದ್ದಿದೆ ಎಂದು ತಿಳಿದು ಅದೇ ದಿನ ಡಾಕ್ಟರನ್ನು ಕಾಣಿ. ಕೋರ್ಸ್ ಮುಗಿಯುವ ತನಕ ಹೆಂಡ ಪೂರ್ತಿ ಬಿಡಬೇಕು.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಡೈವರ್ಟಿಕ್ಯುಲೋಸಿಸ್ ಇದ್ದರೆ ನಾರಿನ ಪದಾರ್ಥ ಜಾಸ್ತಿ ಕೊಡಿ ಅನ್ನುತ್ತಾರಲ್ಲ, ಕಳಲೆ, ಸೊಪ್ಪು ಕೊಡಬಹುದಾ?

ಉತ್ತರ 1 (ಮಡಿಕೇರಿ)
ಈಗ ಬೇಡ. ಹುಣ್ಣಾದ ಜಾಗ ಕಿರಿದಾಗಿದ್ದರೆ ಅದೇ ನಾರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಟಿಬಿಯಲ್ಲಿ ಹುಣ್ಣು ಮಾಗುವಾಗಲೂ ಕಲೆಗಟ್ಟಿ ಕರುಳು ಬಿಗಿಯಬಹುದು, ಮದ್ದು ಕೆಲಸ ಮಾಡುತ್ತಿರುವಾಗಲೇ ಹೊಟ್ಟೆ ಕಟ್ಟುವುದುಂಟು. ಸಿಟಿ ಸ್ಕ್ಯಾನಿನಲ್ಲಿ ದಾರಿ ಸರಿಯಿದೆ ಎಂದು ತಿಳಿಯುವವರೆಗೆ ಕಳಲೆ, ಹಲಸು, ಸೊಪ್ಪಿನ ದಂಟು ಬಿಟ್ಟು ಮೆತ್ತಗಿನ ಗಂಜಿ, ನೂಪುಟ್ಟು (ಅಕ್ಕಿ ಶಾವಿಗೆ), ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಿ. ಹೊಟ್ಟೆ ಉಬ್ಬಿ, ನೋವು ಬಂದು ಬಂದು ಹೋಗಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಹರಳೆಣ್ಣೆಯಾಗಲಿ ಭೇದಿ ಮಾತ್ರೆಯಾಗಲಿ ಕೊಡಬೇಡಿ, ಬಾಯಿಗೆ ಏನನ್ನೂ ಹಾಕದೆ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಕಡೆ ಬೆಳಗಾಗಲಿ ಎಂದು ಕಾಯಬೇಡಿ, ನೋವು ಶುರುವಾದಾಗಲೇ ಗಾಡಿ ಹೇಳಿ.