ಸಹಾಯ ಬೇಕು: ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಎಸ್‌ಟಿಸಿ-1000 ಸೆಟ್ಟಿಂಗ್

ಎಲ್ಲರಿಗೂ ನಮಸ್ಕಾರ. ಕೋಳಿ ಮೊಟ್ಟೆಗೆ ನಾನೇ ಒಂದು ಇನ್‌ಕ್ಯುಬೇಟರ್ ಮಾಡಿದ್ದೇನೆ. ಒಳಗೆ 60 ವ್ಯಾಟ್ ಬಲ್ಬ್, ಒಂದು ಸಣ್ಣ ಫ್ಯಾನ್ ಇದೆ. ಬಲ್ಬನ್ನು ಎಸ್‌ಟಿಸಿ-1000 ಅನ್ನುವ ತಾಪಮಾನ ಕಂಟ್ರೋಲರ್‌ನ ಹೀಟಿಂಗ್ ರಿಲೇಗೆ (ಬಿಸಿ ಬೇಕಾದಾಗ ತಾನೇ ಆನ್ ಆಗುವ ಸ್ವಿಚ್) ಕೊಟ್ಟಿದ್ದೇನೆ.

ಎಫ್1 (ಬೇಕಾದ ತಾಪಮಾನ) 37.5 ಡಿಗ್ರಿ, ಎಫ್2 (ಅದಕ್ಕಿಂತ ಎಷ್ಟು ಡಿಗ್ರಿ ಇಳಿದರೆ ಬಲ್ಬ್ ಮತ್ತೆ ಆನ್ ಆಗಬೇಕು ಅನ್ನುವುದು) 0.3 ಇಟ್ಟಿದ್ದೇನೆ. ಮೊದಲೆರಡು ದಿನ ಸೆಟ್ಟಿಂಗ್ ಉಳಿಯುತ್ತಲೇ ಇರಲಿಲ್ಲ. ಕೊನೆಯಲ್ಲಿ ಪವರ್ ಬಟನ್ ಒತ್ತಿದರೆ ಮಾತ್ರ ಸೇವ್ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಈಗಿನ ತೊಂದರೆ ಬೇರೆ. 37.5ಕ್ಕೆ ಬಲ್ಬ್ ಸರಿಯಾಗಿ ಆಫ್ ಆಗುತ್ತದೆ, ಆದರೆ ಬಿಸಿ ಸುಮ್ನೆ ಏರುತ್ತಾ 38.6ರವರೆಗೂ ಹೋಗುತ್ತದೆ. ಎಫ್2 ಇದಕ್ಕಿಂತ ಕಡಿಮೆ ಮಾಡಲು ಆಗುವುದಿಲ್ಲ. ಬಲ್ಬಿನ ವ್ಯಾಟ್ ಜಾಸ್ತಿ ಆಯಿತಾ? ಅಥವಾ ಸೆನ್ಸರ್ ಗೋಡೆಗೆ ತಾಗಿಕೊಂಡಿರುವುದರಿಂದ ತಡವಾಗಿ ಓದುತ್ತಿದೆಯಾ? ಅದನ್ನು ಮೊಟ್ಟೆಯ ಮಟ್ಟಕ್ಕೆ ತೂಗುಹಾಕಬೇಕು ಅಲ್ವಾ?

ಇನ್ನೊಂದು ವಿಷಯ. ಪಕ್ಕದಲ್ಲಿಟ್ಟ ಥರ್ಮಾಮೀಟರ್ ಕಂಟ್ರೋಲರ್‌ಗಿಂತ 0.6 ಡಿಗ್ರಿ ಕಡಿಮೆ ತೋರಿಸುತ್ತದೆ. ಎಫ್4ರಲ್ಲಿ (ಸೆನ್ಸರ್ ತೋರಿಸುವ ಅಂಕಿಯನ್ನು ಸರಿಪಡಿಸುವ ಸೆಟ್ಟಿಂಗ್) ಮೈನಸ್ 0.6 ಕೊಟ್ಟರೆ ಸರಿಹೋಗುತ್ತದಾ, ಇಲ್ಲ ಮೊದಲು ಎರಡನ್ನೂ ಒಂದೇ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ನೋಡಬೇಕಾ?

ಮೊಟ್ಟೆ ಇನ್ನೂ ಇಟ್ಟಿಲ್ಲ. 21 ದಿನ ಬಿಸಿ ಸಮವಾಗಿ ನಿಲ್ಲುತ್ತದೆ ಅನ್ನುವ ನಂಬಿಕೆ ಬರುವವರೆಗೂ ಇಡುವುದಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.